ಒಂದು ಹಿಡಿ ಹಳೇ ಹೊಟ್ಟು

ನನ್ನ ವ್ಯಾಪಾರದಲ್ಲಿ ಎದುರಿಗೆ ನಿಂತವರನ್ನು ಅವರು ಬಾಯಿ ತೆರೆಯುವ ಮೊದಲೇ ತೂಗಬೇಕು. ಕೈ ನೋಡುತ್ತೇನೆ, ಚಪ್ಪಲಿ ನೋಡುತ್ತೇನೆ, ಚೀಲ ಇಳಿಸುವಾಗ ಅವರ ಕಣ್ಣು ಚೀಲದ ಮೇಲಿದೆಯೋ ನನ್ನ ಮುಖದ ಮೇಲಿದೆಯೋ ನೋಡುತ್ತೇನೆ. ಇಷ್ಟು ಸಾಕು. ನಲವತ್ತು ವರ್ಷದಲ್ಲಿ ನನ್ನ ಕಣ್ಣಳತೆ ಮೋಸ ಹೋದದ್ದು ಕಡಿಮೆ.

ಇಲಿಯಮ್ಮನನ್ನು ನಾನು ಅಳೆದದ್ದು ಹೀಗೆ. ವಯಸ್ಸು ಐವತ್ತೈದರ ಆಸುಪಾಸು. ಎತ್ತರ ಕಮ್ಮಿ, ಮೈಕಟ್ಟು ಗಟ್ಟಿ, ಆದರೆ ಸೊಂಟ ಆಗಲೇ ಕೈಕೊಟ್ಟಿದೆ. ಎಡಗೈ ಬೆರಳುಗಳ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ಕಚ್ಚಿದ ಗುರುತುಗಳು. ಬಲಗಾಲಿನ ಚಪ್ಪಲಿ ಮಾತ್ರ ಹೊರಮಗ್ಗುಲಲ್ಲಿ ಸವೆದಿದೆ. ಅಂದರೆ ದಿನವಿಡೀ ಒಂದೇ ಕಡೆಗೆ ತಿರುಗಿ ತಿರುಗಿ ಭಾರ ಇಳಿಸುವ ಕೆಲಸ. ನಗು ಇಲ್ಲ. ಬಿಗುಮಾನವೇನೂ ಕಾಣಲಿಲ್ಲ, ನಗುವಿನ ದಾಸ್ತಾನು ಮುಗಿದಿತ್ತು ಅಷ್ಟೆ. ಆಕೆ ಚೀಲವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ರಸೀದಿಗೆ ಸಹಿ ಹಾಕಿ, "ಬಾಗಿಲು ಮುಚ್ಕೊಂಡು ಹೋಗಿ, ಗಾಳಿ ಬಂದ್ರೆ ಅವಕ್ಕೆ ಆಗಲ್ಲ" ಎಂದರು. ಇಂಥ ಗಿರಾಕಿ ಸಿಕ್ಕರೆ ವ್ಯಾಪಾರಿ ಮನೆಗೆ ಹೋಗಿ ಕಾಲು ಚಾಚಿ ಮಲಗಬಹುದು ಎಂದುಕೊಂಡೆ.

'ಅವಕ್ಕೆ' ಎಂದದ್ದು ಇಲಿಗಳಿಗೆ. ಊರಿನ ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕಕ್ಕೆ, ಕಿಟಕಿಯೇ ಇಲ್ಲದ ಒಂದು ಉದ್ದನೆಯ ಕೋಣೆಯಿದೆ. ಗೋಡೆಗೆ ಒತ್ತಿ ಕಬ್ಬಿಣದ ಸ್ಟ್ಯಾಂಡುಗಳು, ಸ್ಟ್ಯಾಂಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬೋನುಗಳು, ಬೋನಿಗೊಂದು ಬಿಳಿ ಇಲಿ, ಇಲಿಗೊಂದು ನಂಬರು. ಕೋಣೆಯ ದೀಪ ಗಡಿಯಾರದ ಪ್ರಕಾರ ಹತ್ತಿ ಆರುತ್ತದೆ. ಆ ಇಲಿಗಳಿಗೆ ಸೂರ್ಯ ಅಂದರೆ ಟ್ಯೂಬ್‌ಲೈಟು.

ನಾನು ಮರದ ಮಿಲ್ಲುಗಳಿಂದ ಹೊಟ್ಟು ಕೊಂಡು, ಜರಡಿ ಹಿಡಿಸಿ, ಒಣಗಿಸಿ, ಚೀಲ ತುಂಬಿಸಿ ಮಾರುವವನು. ಕೋಳಿ ಫಾರಂಗೆ ಒಂದು ಬಗೆ, ಕುದುರೆ ಲಾಯಕ್ಕೆ ಒಂದು ಬಗೆ, ಪ್ರಯೋಗದ ಇಲಿಗಳಿಗೆ ಎಲ್ಲಕ್ಕಿಂತ ನಯವಾದದ್ದು. ಧೂಳಿರಬಾರದು, ತೇವ ಇರಬಾರದು, ಘಾಟು ವಾಸನೆಯ ಮರದ್ದಾಗಬಾರದು. ಮದುವೆ ಹುಡುಗಿಗೆ ಹಾಸಿಗೆ ಕೊಳ್ಳುವವರೂ ಇಷ್ಟು ತಕರಾರು ತೆಗೆಯುವುದಿಲ್ಲ.

ಆಕೆಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಆದರೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಇಲಿಯಮ್ಮ. ಇಪ್ಪತ್ತೆರಡು ವರ್ಷ ಅದೇ ಕೋಣೆಯಲ್ಲಿದ್ದರು. ನನಗೂ ಒಂದು ಹೆಸರಿಟ್ಟರು: ಹೊಟ್ಟಣ್ಣ. ಅದು ನನ್ನ ಸರಕನ್ನು ನೋಡಿ ಇಟ್ಟದ್ದೋ ನನ್ನ ಮುಂಭಾಗವನ್ನು ನೋಡಿ ಇಟ್ಟದ್ದೋ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಬೆಳಿಗ್ಗೆ ಏಳಕ್ಕೆ ಇಲಿಯಮ್ಮನ ಕೆಲಸ ಶುರು. ಒಂದೊಂದೇ ಇಲಿಯನ್ನು ಎತ್ತಿ, ಹೊಟ್ಟೆ ತಡವಿ, ತಕ್ಕಡಿಯಲ್ಲಿಟ್ಟು, ತೂಕ ಬರೆದು, ನೀರಿನ ಬಾಟಲಿ ಬದಲಾಯಿಸಬೇಕು. ವಾರಕ್ಕೆರಡು ಸಲ ಬೋನು ತೊಳೆದು ಹೊಸ ಹೊಟ್ಟು ಹಾಕಬೇಕು. ಹೀಗೆ ಹಾಕುವಾಗ ಅವರದೊಂದು ಪದ್ಧತಿ ಇತ್ತು. ಕೊಳೆ ಬೋನಿನಿಂದ ಒಂದು ಹಿಡಿ ಹಳೇ ಹೊಟ್ಟನ್ನು ತೆಗೆದು ಶುಚಿಯಾದ ಬೋನಿನ ಮೂಲೆಗೆ ಹಾಕುತ್ತಿದ್ದರು. ನಾನು ಮೂಗು ಮುರಿದೆ.

"ಅಷ್ಟು ಕಷ್ಟಪಟ್ಟು ಶುದ್ಧ ಮಾಡಿ ಕೊಟ್ಟಿರೋ ಮಾಲಿಗೆ ಇದನ್ನ ಬೆರೆಸ್ತೀರಲ್ಲ ತಾಯಿ."

"ನಿಮ್ಮನ್ನ ಎತ್ತಿ ಯಾರದ್ದೋ ಮನೇಲಿ ಕೂರಿಸಿದ್ರೆ ನಿದ್ದೆ ಬರುತ್ತಾ? ತಮ್ಮ ವಾಸನೆ ಒಂಚೂರಿದ್ರೆ ಸುಮ್ನಿರ್ತವೆ. ಇಲ್ದಿದ್ರೆ ಸುತ್ತು ಹಾಕಿ ಹಾಕಿ ಹೊಲಿಗೆ ಕಿತ್ಕೊಳ್ತವೆ."

ಹೊಲಿಗೆ ಯಾಕೆ ಬಂತು ಎಂಬುದನ್ನು ಹೇಳಬೇಕು. ಆ ಆಸ್ಪತ್ರೆಯ ದೊಡ್ಡ ಡಾಕ್ಟರು ಶಸ್ತ್ರಚಿಕಿತ್ಸಕರು. ಮೈ ವಿಪರೀತ ಬಂದವರಿಗೆ, ಸಕ್ಕರೆ ಕಾಯಿಲೆ ಮದ್ದಿಗೆ ಬಗ್ಗದವರಿಗೆ ಅವರೊಂದು ಆಪರೇಷನ್ನು ಮಾಡುತ್ತಾರೆ: ಜಠರವನ್ನು ಕೋಳಿಮೊಟ್ಟೆಯಷ್ಟು ಚಿಕ್ಕದು ಮಾಡಿ, ಸಣ್ಣ ಕರುಳಿನ ಮೇಲಿನ ಒಂದಿಷ್ಟು ದಾರಿಯನ್ನು ಬಿಟ್ಟು, ಕೆಳಗಿನ ಕರುಳಿಗೆ ನೇರವಾಗಿ ಜೋಡಿಸುವುದು. ತೂಕ ಇಳಿಯುವುದಕ್ಕೆ ತಿಂಗಳುಗಳು ಬೇಕು. ಆದರೆ ರಕ್ತದ ಸಕ್ಕರೆ ಕೆಲವರಿಗೆ ನಾಲ್ಕಾರು ದಿನದಲ್ಲೇ ಇಳಿದುಬಿಡುತ್ತದೆ. ಯಾಕೆ? ಡಾಕ್ಟರ ಗುಮಾನಿ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ. ದಾರಿ ಬದಲಾದ ಕೂಡಲೇ ಒಳಗಿನ ಬಾಡಿಗೆದಾರರೂ ಬದಲಾಗುತ್ತಾರೆ, ಅವರೇ ಮೈಯ ಚಯಾಪಚಯವನ್ನು ತಿದ್ದುತ್ತಾರೆ ಎಂದು. ಅದು ನಿಜವಾದರೆ ಮುಂದೊಂದು ದಿನ ಕತ್ತಿಯಿಲ್ಲದೆಯೇ ಆ ಕೆಲಸ ಆಗಬಹುದು. ಅದಕ್ಕೇ ಈ ಇಲಿಗಳು.

ಎಡಗಡೆ ಸ್ಟ್ಯಾಂಡಿನಲ್ಲಿ ನಿಜವಾದ ಆಪರೇಷನ್ ಆದವು. ಬಲಗಡೆ ಸ್ಟ್ಯಾಂಡಿನಲ್ಲಿ ಸುಳ್ಳು ಆಪರೇಷನ್ ಆದವು. ಅಂದರೆ ಹೊಟ್ಟೆ ಕೊಯ್ದು, ಕರುಳಿಗೆ ಸಣ್ಣ ಗಾಯ ಮಾಡಿ, ಇದ್ದ ಹಾಗೇ ಹೊಲಿದು ಮುಚ್ಚಿದವು. ಎರಡೂ ಕಡೆ ಒಂದೇ ನೋವು, ಒಂದೇ ಮದ್ದು, ಒಂದೇ ಕೊಬ್ಬಿನ ತಿಂಡಿ. ಎಡಕ್ಕೆ ಸಕ್ಕರೆ ಇಳಿದು ಬಲಕ್ಕೆ ಇಳಿಯದಿದ್ದರೆ, ಕೆಲಸ ಮಾಡಿದ್ದು ಕರುಳಿನ ಹೊಸ ದಾರಿಯೇ ಎಂದು ಹೇಳಬಹುದು. ಆಮೇಲೆ ಎಡಗಡೆಯವುಗಳ ಹಿಕ್ಕೆ ತೆಗೆದು, ಆಪರೇಷನ್ ಆಗದ ಬೇರೆ ಇಲಿಗಳಿಗೆ ಲೆಕ್ಕದ ಪ್ರಕಾರ ಕೊಟ್ಟು ನೋಡುವುದು ಮುಂದಿನ ವರ್ಷದ ಪರೀಕ್ಷೆ. ಇದನ್ನೆಲ್ಲ ನನಗೆ ವಿವರಿಸಿದ್ದು ಡಾಕ್ಟರಲ್ಲ, ಇಲಿಯಮ್ಮ, ಚಹಾದ ಲೋಟ ಹಿಡಿದು, ಮೆಟ್ಟಿಲ ಮೇಲೆ ಕೂತು.

"ಕೇಳಿಸ್ಕೊಳ್ಳಿ, ನಿಮ್ಮಂಥೋರಿಗೇ ಇದು. ನಿಮ್ಗೂ ಸಕ್ಕರೆ ಇದ್ಯಲ್ಲ?"

"ಹನ್ನೆರಡು ವರ್ಷದಿಂದ."

"ಮತ್ತೆ ಬಿಸ್ಕತ್ತು?"

"ಒಂದೇ."

"ಮೂರನೇದು ಅದು. ನಾನು ಎಣಿಸ್ತಾ ಇದೀನಿ. ನಂಗದೇ ಕೆಲಸ."

ಮೊದಲ ವರ್ಷ ಹತ್ತು ಇಲಿಗೆ ಆಪರೇಷನ್ ಮಾಡಿದರೆ ಆರು ಸಾಯುತ್ತಿದ್ದವಂತೆ. ಡಾಕ್ಟರ ಕೈಯಲ್ಲಿ ದೋಷವಿರಲಿಲ್ಲ. ಕೂದಲಿಗಿಂತ ತೆಳು ದಾರದಲ್ಲಿ, ದೊಡ್ಡ ಮಸೂರದ ಕೆಳಗೆ, ಹುರಿಹಗ್ಗದಷ್ಟು ಕರುಳನ್ನು ಹೊಲಿಯುವ ಕೈ ಅದು. ಆದರೆ ಹೊಲಿದ ಮೇಲೆ ಇಲಿ ಬದುಕಬೇಕಲ್ಲ. ಮೊದಲ ನಾಲ್ಕು ದಿನ ಹೊಟ್ಟಿನ ಮೇಲೆ ಬಿಟ್ಟರೆ ಅವು ಹೊಟ್ಟು ತಿಂದು ಜೋಡಣೆಯ ಜಾಗ ಕಟ್ಟಿಕೊಳ್ಳುತ್ತದೆ ಎಂದು ಕಂಡುಹಿಡಿದವರು ಇಲಿಯಮ್ಮ. ತಂತಿ ಬಲೆಯ ಮೇಲೆ ಇಟ್ಟು, ಕೆಳಗೆ ಬಿಸಿನೀರಿನ ಚೀಲವಿಟ್ಟು, ಗಂಟೆಗೊಮ್ಮೆ ಎರಡು ಹನಿ ನೀರನ್ನು ತುಟಿಗೆ ಸವರಿ ಬದುಕಿಸಿದವರೂ ಅವರೇ. ಎರಡನೇ ವರ್ಷ ಹತ್ತರಲ್ಲಿ ಎಂಟು ಬದುಕಿದವು. ಡಾಕ್ಟರು ಪ್ರಬಂಧ ಬರೆದರು. ಅದರಲ್ಲಿ ಐದು ಹೆಸರಿದ್ದವು.

"ನಿಮ್ದೆಲ್ಲಿ?" ಎಂದೆ.

"ನನ್ನ ಹೆಸರು ಹಾಕಿದ್ರೆ ಇಲಿಗಳ ಹೆಸರೂ ಹಾಕ್ಬೇಕಾಗುತ್ತೆ. ಅಷ್ಟು ಜಾಗ ಎಲ್ಲಿದೆ ಅಲ್ಲಿ?"

ಆ ಐದರಲ್ಲಿ ಒಂದು ಹೆಸರು ಸಕ್ಕರೆ ಮೇಡಮ್ಮಿನದು. ಇಲಿಗಳ ಬಾಲದ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಸಕ್ಕರೆ ಅಳೆಯುವ ಸಂಶೋಧಕಿ. ಮೂವತ್ತು ದಾಟಿದ ಹೆಂಗಸು, ಆರು ವರ್ಷದಿಂದ ಡಾಕ್ಟರೇಟಿಗೆ ಓದುತ್ತಿದ್ದವರು. ಯಾವಾಗಲೂ ಅರ್ಧ ತಿಂದ ಬ್ರೆಡ್ಡು ಒಂದು ಕೈಯಲ್ಲಿ, ಪೆನ್ನು ಇನ್ನೊಂದು ಕೈಯಲ್ಲಿ. ಅವರ ಓದು ಮುಗಿಯುವುದಕ್ಕೆ ಈ ಎರಡು ಸ್ಟ್ಯಾಂಡಿನ ಅಂಕಿಗಳಷ್ಟೇ ಬಾಕಿ ಇದ್ದವು.

ಇನ್ನು ನನ್ನ ಪಾಲಿನ ಕಥೆ.

ಆ ವರ್ಷ ಹದಿನೈದು ದಿನ ಬಿಡದೆ ಮಳೆ ಹಿಡಿಯಿತು. ನನ್ನ ಗೋದಾಮಿನ ಮಾಡು ಸೋರಿತು. ಇಲಿಗಳ ಮಾಲು ನಲವತ್ತು ಚೀಲದಲ್ಲಿ ಇಪ್ಪತ್ತಾರು ಕೆಳಗಿನಿಂದ ತೇವ ಎಳೆದವು. ಹೊಸ ಮಾಲು ಬರಲು ಹತ್ತು ದಿನ ಬೇಕು. ಲೋಡು ತಪ್ಪಿಸಿದರೆ ಆಸ್ಪತ್ರೆಯವರು ಬೇರೆಯವರನ್ನು ಹುಡುಕುತ್ತಾರೆ. ನಾನು ಏನು ಮಾಡಿದೆ ಎಂದು ಈ ದಂಧೆಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಒದ್ದೆಯದನ್ನು ಕೆಳಗಿಟ್ಟೆ, ಒಣಗಿದ್ದನ್ನು ಮೇಲಿಟ್ಟೆ, ಗಾಡಿ ಕಳಿಸಿದೆ. ಇಲಿಯಮ್ಮ ಯಾವತ್ತಿನಂತೆ ನೋಡದೆ ಸಹಿ ಹಾಕಿದರು.

ಮೂರನೇ ದಿನ ಫೋನು ಬಂತು.

"ಹೊಟ್ಟಣ್ಣ, ಚೀಲ ಒದ್ದೆ. ಬೂಷ್ಟು ವಾಸನೆ ಹೊಡೀತಾ ಇದೆ."

"ಒಂದೆರಡು ಇರಬಹುದು ತಾಯಿ. ಬಿಸಿಲಿಗೆ ಹರವಿ."

"ಬಿಸಿಲು ನಿಮ್ಮನೇಲಿದ್ರೆ ಕಳಿಸ್ಕೊಡಿ."

ನಾನು ನಕ್ಕೆ. ಅವರು ನಗಲಿಲ್ಲ. ಆಗ ನಾನು ದನಿ ಇಳಿಸಿ, "ಮೇಲಿನವರಿಗೆ ಹೇಳ್ಬೇಡಿ ತಾಯಿ. ಹತ್ತು ದಿನ. ಹೇಗಾದ್ರೂ ತಳ್ಳಿ. ಹೇಳಿದ್ರೆ ನನ್ನ ಕಾಂಟ್ರಾಕ್ಟು ಹೋಗುತ್ತೆ" ಎಂದೆ. ಅತ್ತ ಕಡೆಯಿಂದ ಬೋನಿನ ಮುಚ್ಚಳ ಹಾಕುವ ಸದ್ದು ಕೇಳಿಸಿತು. "ಹೇಳಲ್ಲ ಬಿಡಿ" ಎಂದರು.

ಹೇಗಾದರೂ ತಳ್ಳಿ ಎಂದು ಹೇಳುವುದು ಸುಲಭ. ತಳ್ಳುವವರು ಹೇಗೆ ತಳ್ಳಿದರು ಎಂದು ನಾನು ಕೇಳಲಿಲ್ಲ. ಆಮೇಲೆ ತಿಳಿಯಿತು. ಎಡಗಡೆ ಸ್ಟ್ಯಾಂಡಿನ ಬೋನುಗಳಿಗೆ ಇಲಿಯಮ್ಮ ಹಿಂದಿನ ವಾರವಷ್ಟೇ ಒಳ್ಳೆಯ ಒಣ ಹೊಟ್ಟನ್ನು ದಪ್ಪಕ್ಕೆ ತುಂಬಿದ್ದರು. ಬಲಗಡೆಯವುಗಳ ಸರದಿ ಬಂದಾಗ ಉಳಿದದ್ದು ನನ್ನ ಬೂಷ್ಟು ಚೀಲ. ಮೇಲಿದ್ದ ಒಣ ಚೀಲಗಳೂ ಅಷ್ಟರಲ್ಲಿ ಕೆಳಗಿನ ತೇವ ಎಳೆದಿದ್ದವು. ಬಲಗಡೆಯವುಗಳಿಗೂ ಹೊಟ್ಟೆಯ ಹೊಲಿಗೆ ಹಸಿಯಾಗಿಯೇ ಇತ್ತು. ಒದ್ದೆ ಹಾಸಿಗೆಯ ಮೇಲೆ ಮಲಗಿದರೆ ಕೀವು ತುಂಬಿ ಸಾಯುತ್ತವೆ. ಇಪ್ಪತ್ತೆರಡು ವರ್ಷ ಇಲಿ ಸಾಯದ ಹಾಗೆ ನೋಡಿಕೊಂಡ ಕೈ ಅದು. ಎಡಗಡೆ ಬೋನುಗಳ ಮೇಲರ್ಧದ ಒಣ ಹೊಟ್ಟನ್ನು ತೆಗೆದು, ಜರಡಿ ಹಿಡಿದು, ಹಿಕ್ಕೆ ಆದಷ್ಟು ಉದುರಿಸಿ, ಬಲಗಡೆಯವುಗಳಿಗೆ ಹಂಚಿಬಿಟ್ಟರು. ಹತ್ತು ದಿನದಲ್ಲಿ ಮೂರು ಸಲ.

ಒಂದು ಬೋನಿನ ಹಳೇ ಹೊಟ್ಟು ಅದೇ ಬೋನಿಗೆ ಮಾತ್ರ ಹೋಗಬೇಕು ಎಂದು ಗೋಡೆಯ ಮೇಲೆ ಬರೆದು ಅಂಟಿಸಿತ್ತು. ಅದನ್ನು ಅಂಟಿಸಿದವರೂ ಇಲಿಯಮ್ಮನೇ. ಆದರೆ ಅವರ ಲೆಕ್ಕದಲ್ಲಿ ಆ ನಿಯಮ ಇಲಿಗಳ ನೆಮ್ಮದಿಗಾಗಿ ಇದ್ದದ್ದು. ಪ್ರಾಣದ ಪ್ರಶ್ನೆ ಬಂದಾಗ ನೆಮ್ಮದಿ ಸ್ವಲ್ಪ ಕಾಯಬಹುದು ಎಂದುಕೊಂಡರು. ಜರಡಿಯ ಕಣ್ಣಿನಲ್ಲಿ ಬ್ಯಾಕ್ಟೀರಿಯಾ ನಿಲ್ಲುವುದಿಲ್ಲ. ಅದೂ ಅಲ್ಲದೆ, ಸಿಕ್ಕ ಹಿಕ್ಕೆಯನ್ನು ತಿನ್ನುವುದು ಇಲಿಗಳ ಹುಟ್ಟುಗುಣ.

ಒಂದೂ ಸಾಯಲಿಲ್ಲ. ಎರಡು ವಾರ ಕಳೆದ ಮೇಲೆ ಬಲಗಡೆಯವುಗಳ ಸಕ್ಕರೆ ಇಳಿಯತೊಡಗಿತು.

ಆ ಮಂಗಳವಾರ ನಾನು ಮುಂದಿನ ಲೋಡು ತೆಗೆದುಕೊಂಡು ಹೋದಾಗ ಸಕ್ಕರೆ ಮೇಡಂ ಸ್ಟೂಲಿನ ಮೇಲೆ ಕೂತು ಬಲಗಡೆಯ ಇಲಿಗಳನ್ನು ಮೂರನೇ ಸಲ ಅಳೆಯುತ್ತಿದ್ದರು. ಬ್ರೆಡ್ಡು ಮೇಜಿನ ಮೇಲೆ ಒಣಗಿತ್ತು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

"ಕರುಳಿನ ದಾರಿ ಬದಲಾಗದೇ ಇರೋ ಇಲಿಯ ಸಕ್ಕರೆ ಹೇಗಮ್ಮ ಇಳಿಯುತ್ತೆ? ರಕ್ತದ ಟ್ಯೂಬು ಅದಲುಬದಲು ಮಾಡಿದೀಯ."

"ಇಲ್ಲ ಸರ್. ಇವತ್ತು ಒಂದೊಂದೇ ಅಳೆದೆ. ಇಳಿದಿದೆ."

"ಆರು ವರ್ಷ ಆದ್ಮೇಲೂ ಟ್ಯೂಬಿಗೆ ಚೀಟಿ ಅಂಟಿಸೋಕೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ? ಶುಕ್ರವಾರದ ಒಳಗೆ ಎಲ್ಲಿ ತಪ್ಪಿದೀಯ ಹುಡುಕು. ಸಿಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ ಈ ಕೆಲಸ."

ಅವರು ಹೋದರು. ಮೇಡಂ ಅಳಲಿಲ್ಲ. ಮುಂದಿನ ಇಲಿಯ ಬಾಲ ಹಿಡಿದುಕೊಂಡು ಹಾಗೇ ಕೂತಿದ್ದರು, ಯಾಕೆ ಹಿಡಿದಿದ್ದೇನೆ ಎಂಬುದು ಮರೆತುಹೋದವರ ಹಾಗೆ.

ಇಲಿಯಮ್ಮ ನನ್ನನ್ನು ಹೊರಗಿನ ಮೆಟ್ಟಿಲಿಗೆ ಕರೆದರು.

"ಟ್ಯೂಬಲ್ಲ ಹೊಟ್ಟಣ್ಣ. ಹೊಟ್ಟು." ನಡೆದದ್ದನ್ನೆಲ್ಲ ಆಗ ಹೇಳಿದರು.

ವ್ಯಾಪಾರಿಯ ನಾಲಿಗೆ, ಸುಮ್ಮನಿರುತ್ತದೆಯೇ? "ಸ್ವಲ್ಪ ತಾಳಿ. ತಾನಾಗೇ ಸರಿಹೋಗಬಹುದು" ಎಂದೆ.

"ಏನ್ ಸರಿಹೋಗೋದು? ಆ ಹುಡುಗಿ ಮೂರು ದಿನದಿಂದ ಊಟ ಮಾಡಿಲ್ಲ."

"ಹೇಳಿದ್ರೆ ನಿಮ್ಮನ್ನ ಇಲ್ಲಿಂದ ತೆಗೀತಾರೆ."

"ಗೊತ್ತು. ಪಕ್ಕಕ್ಕೆ ಹಾಕ್ತಾರೆ, ಬಟ್ಟೆ ಒಗೆಯೋ ಕಡೆ. ಎರಡೂವರೆ ವರ್ಷ ಇದೆ ರಿಟೈರ್ ಆಗೋಕೆ." ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. "ಒದ್ದೆ ಹೊದಿಕೆ ಒಂದೊಂದು ಎಷ್ಟು ಭಾರ ಇರುತ್ತೆ ಗೊತ್ತಾ ನಿಮ್ಗೆ? ಇಲಿ ಮುನ್ನೂರು ಗ್ರಾಂ."

ಬುಧವಾರ ಸಂಜೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಮೂರಂತಸ್ತಿನ ಹಳೇ ಕಟ್ಟಡ; ಕೆಳಗೆ ಮೆಟ್ಟಿಲ ಅಡಿಯಲ್ಲಿ ಗೂಡಿನಷ್ಟು ಜಾಗದಲ್ಲಿ ಅವರ ಗಂಡ ಬೀಗ ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಗಡಿಯಾರದವರ ಮಸೂರ, ಸುತ್ತ ನೂರಾರು ಕೀಲಿ.

"ಯಾರು ಬೇಕಿತ್ತು?"

"ನಾನು ಹೊಟ್ಟಿನವನು. ಆಸ್ಪತ್ರೆಗೆ ಹೊಟ್ಟು ಹಾಕೋನು."

"ಓ. ನೀವೇನಾ." ಮಸೂರ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಾಗೆ ನೋಡುವುದು ನನ್ನ ಕಸುಬು, ನೋಡಿಸಿಕೊಳ್ಳುವುದು ಅಭ್ಯಾಸವಿಲ್ಲ. "ಇಪ್ಪತ್ತೆರಡು ವರ್ಷದಿಂದ ನನ್ನ ಹೆಂಡತಿ ಇಲಿಗಳ ಜೊತೆ ಮಾತಾಡಿ ಉಳಿದದ್ದನ್ನ ನನ್ನ ಜೊತೆ ಮಾತಾಡ್ತಾಳೆ. ನಿನ್ನೆಯಿಂದ ಅದೂ ಉಳಿದಿಲ್ಲ. ಅವಳ ಬಾಯಿ ತೆಗೆಸೋ ಕೀಲಿ ನನ್ನ ಹತ್ರ ಇಲ್ಲ. ಮೇಲಿದಾಳೆ, ಹೋಗಿ."

ಇಲಿಯಮ್ಮ ಅಡುಗೆಮನೆಯಲ್ಲಿ ಕಾಲು ನೀಡಿ ಗೋಡೆಗೆ ಒರಗಿ ಕೂತಿದ್ದರು. ಬೆನ್ನಿಗೆ ಬಿಸಿನೀರಿನ ಚೀಲ. ನನ್ನನ್ನು ಕಂಡು ಏಳಲು ಹೋಗಿ, ಸಾಕೆನಿಸಿ, ಅಲ್ಲೇ ಉಳಿದರು.

"ಕೂತ್ಕೊಳ್ಳಿ. ಚಹಾ ಮಾಡೋಕೆ ನನ್ನ ಕೈಲಾಗಲ್ಲ."

"ಬೇಡ ತಾಯಿ. ಹೇಳೋದು ಅಂತ ನಿರ್ಧಾರ ಮಾಡಿದೀರಾ?"

"ಶುಕ್ರವಾರ ಹೇಳ್ತೀನಿ."

"ಹೇಳಿದ್ರೆ ಒಂದು ಪ್ರಶ್ನೆ ಬರುತ್ತೆ. ಒಣ ಹೊಟ್ಟು ಯಾಕಿರ್ಲಿಲ್ಲ ಅಂತ."

"ಬರುತ್ತೆ."

ನಾನು ಇನ್ನೂ ಏನೋ ಹೇಳಹೊರಟೆ. ಅವರೇ ಕೈ ಎತ್ತಿ ಸಾಕು ಎಂದರು.

"ನಾನು ಹೇಳಲ್ಲ ಅಂದಿದ್ದೆ ಅಲ್ವಾ. ಅಂದಿದ್ದು ಅಂದಿದ್ದೇ. ನನ್ನ ತಪ್ಪು ನಾನು ಹೇಳ್ತೀನಿ, ನಿಮ್ದು ನಿಮಗೆ ಬಿಟ್ಟಿದ್ದು."

ಮೆಟ್ಟಿಲಿಳಿದು ಬರುವಾಗ ನನ್ನ ಮೈ ಹಗುರಾಗಿತ್ತು. ಸುಳ್ಳು ಹೇಳಿ ಏನು ಪ್ರಯೋಜನ, ಹಗುರಾಗಿತ್ತು. ಕೆಳಗೆ ಅವರ ಗಂಡ ತಲೆ ಎತ್ತದೆ, "ಕೆಲಸ ಆಯ್ತಾ?" ಎಂದರು. ಆಯಿತು ಎಂದೆ. "ಬೇಗ ಆಯ್ತು" ಎಂದು ಬೀಗದೊಳಗೆ ಕಡ್ಡಿ ಆಡಿಸುವುದನ್ನು ಮುಂದುವರಿಸಿದರು.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಮುಂದಿನ ಮೂರು ತಿಂಗಳ ಸರಬರಾಜಿನ ಕಾಗದಕ್ಕೆ ದೊಡ್ಡ ಡಾಕ್ಟರ ಸಹಿ ಬೇಕಿತ್ತು. ನಾನು ಅವರ ಕೋಣೆಯಲ್ಲಿ, ಕಾಗದ ಕೈಯಲ್ಲಿ ಹಿಡಿದು ಬೀರುವಿನ ಪಕ್ಕ ನಿಂತಿದ್ದೆ. ಬೇಕೆಂದೇ ಆ ಹೊತ್ತಿಗೆ ಹೋಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆಡಿದ ಮಾತು ಉಳಿಯುತ್ತದೋ ಇಲ್ಲವೋ ನೋಡಬೇಕಿತ್ತು. ಸಕ್ಕರೆ ಮೇಡಂ ಮೇಜಿನ ಮುಂದೆ ಅಂಕಿಗಳ ಹಾಳೆ ಹರಡಿಕೊಂಡಿದ್ದರು. ಇಲಿಯಮ್ಮ ಬಾಗಿಲು ತಟ್ಟಿ ಒಳಗೆ ಬಂದರು. ಒಗೆದು ಮಡಿಸಿದ ಸೀರೆ, ಕಂಕುಳಲ್ಲಿ ತೂಕದ ಪುಸ್ತಕ.

"ಮೇಡಂ ತಪ್ಪಿಲ್ಲ ಸರ್" ಎಂದು ಶುರು ಮಾಡಿ, ಬಿಲ್ಲು ಓದುವ ಹಾಗೆ ಒಂದೇ ದನಿಯಲ್ಲಿ ಎಲ್ಲ ಹೇಳಿದರು. ಯಾವ ಯಾವ ತಾರೀಖು, ಎಷ್ಟು ಬೋನು, ಯಾವ ಜರಡಿ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅವರಿಗೂ ಬೈಯುವಷ್ಟು ಉಳಿದಿರಲಿಲ್ಲ.

"ಮುಂದಿನ ವರ್ಷ ಮಾಡ್ಬೇಕು ಅಂತಿದ್ದ ಪರೀಕ್ಷೇನ ನೀವು ಈ ವರ್ಷವೇ ಮಾಡಿ ಮುಗಿಸಿದೀರಲ್ಲ ಇಲಿಯಮ್ಮ. ಅದೂ ಜರಡಿ ಹಿಡಿದು."

ಮೇಡಮ್ಮಿನ ಮುಖ ಒಮ್ಮೆಗೇ ಅರಳಿತು. "ಹಾಗಾದ್ರೆ ಸರ್, ದಾರಿ ಬದಲಾಗದೇನೇ ಸಕ್ಕರೆ ಇಳಿದಿದೆ ಅಂದ್ರೆ, ಬ್ಯಾಕ್ಟೀರಿಯಾನೇ..."

"ಯಾವ ಬೋನಿಂದ ಯಾವ ಬೋನಿಗೆ ಹೋಯ್ತು? ಎಷ್ಟು ಹೋಯ್ತು?"

ಇಲಿಯಮ್ಮ ಪುಸ್ತಕ ತೆರೆದು ತೋರಿಸಿದರು. ಮೂರು ತಾರೀಖಿನಲ್ಲಿ ಒಂದೇ ಸಾಲು: ಒಣ ಹೊಟ್ಟು ಹಂಚಿದೆ.

"ಇಷ್ಟೇನಾ?"

"ಇಷ್ಟೇ ಸರ್. ಒಟ್ಟಿಗೆ ರಾಶಿ ಹಾಕಿ ಹಂಚಿದೆ."

"ಬೂಷ್ಟಿಗೆ ಇಳಿದಿರಬಹುದು. ತಿಂಡಿ ಸರಿಯಾಗಿ ತಿನ್ನದೇ ಇಳಿದಿರಬಹುದು. ನೀವು ಹೇಳೋ ಹಾಗೂ ಇಳಿದಿರಬಹುದು." ಡಾಕ್ಟರು ಪುಸ್ತಕ ಮುಚ್ಚಿದರು. "ನನಗೆ ನಂಬಿಕೆ ಬರ್ತಿದೆ. ಆದ್ರೆ ನಂಬಿಕೇನ ಪ್ರಬಂಧದಲ್ಲಿ ಬರೆಯೋಕಾಗಲ್ಲ. ಎರಡೂ ಸ್ಟ್ಯಾಂಡು ಹೋಯ್ತು. ಮೊದಲಿಂದ ಶುರು ಮಾಡ್ಬೇಕು. ಹೊಸ ಇಲಿ, ಹೊಸ ಆಪರೇಷನ್ನು. ಎಂಟು ತಿಂಗಳು."

ಆಮೇಲೆ ಆ ಪ್ರಶ್ನೆ ಬಂತು.

"ನೀವು ನಿಯಮ ಮುರಿಯೋರಲ್ಲ. ಒಣ ಹೊಟ್ಟು ಯಾಕಿರ್ಲಿಲ್ಲ?"

ಇಲಿಯಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

"ಬಂದಾಗ ನಾನು ಚೀಲ ಬಿಚ್ಚಿ ನೋಡ್ಲಿಲ್ಲ ಸರ್. ಇಟ್ಟಲ್ಲಿ ತೇವ ಆಗಿತ್ತು. ನಂದೇ ಗಮನ ಸಾಲ್ದು."

ಒಂದೊಂದು ಪದವೂ ನಿಜ. ನೋಡಲಿಲ್ಲ, ನಿಜ. ತೇವ ಆಗಿತ್ತು, ನಿಜ. ನನ್ನ ದಂಧೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಸರಕು ಮುಚ್ಚಿಡುವವರನ್ನು ನಾನು ಕಂಡಿರಲಿಲ್ಲ, ಅದೂ ಬೇರೆಯವರ ಸರಕು. ಡಾಕ್ಟರು ತಲೆಯಾಡಿಸಿದರು. ನನ್ನ ಕಾಗದ ಇಸಿದುಕೊಂಡು, "ಇನ್ಮೇಲೆ ಇಳಿಸುವಾಗ ನೀವೂ ಸ್ವಲ್ಪ ಬಿಚ್ಚಿ ತೋರಿಸಿ" ಎಂದು ಸಹಿ ಹಾಕಿದರು. "ಆಗ್ಲಿ ಸರ್" ಎಂದೆ. ಆ ಕೋಣೆಯಲ್ಲಿ ನಾನು ಆಡಿದ್ದು ಅಷ್ಟೇ.

ಎರಡೂ ಸ್ಟ್ಯಾಂಡಿನ ಇಲಿಗಳನ್ನು ಮುಂದಿನ ವಾರ ಮುಗಿಸಿದರು. ಪ್ರಯೋಗ ಕೆಟ್ಟ ಮೇಲೆ ಇಟ್ಟುಕೊಳ್ಳುವಂತಿಲ್ಲ. ಯಾವುದೂ ಹೆದರದ ಹಾಗೆ ಒಂದೊಂದನ್ನೇ ಎತ್ತಿ ಕೊಟ್ಟವರು ಇಲಿಯಮ್ಮ. ಆ ಕೋಣೆಯಲ್ಲಿ ಅದು ಅವರ ಕೊನೆಯ ಕೆಲಸ. ಸೋಮವಾರದಿಂದ ಬಟ್ಟೆ ಒಗೆಯುವ ವಿಭಾಗ.

ಹೊಸ ಇಲಿಗಳು ಬಂದವು, ಹೊಸ ನೋಡಿಕೊಳ್ಳುವವರೂ ಬಂದರು, ಇಬ್ಬರು. ಹತ್ತಕ್ಕೆ ಐದು ಸತ್ತವು. ನೀರು ಎಷ್ಟು ಹನಿ, ಚೀಲ ಎಷ್ಟು ಬಿಸಿ ಎಂದು ಎಲ್ಲೂ ಬರೆದಿರಲಿಲ್ಲ. ಅದಿದ್ದದ್ದು ಇಲಿಯಮ್ಮನ ಬೆರಳಿನಲ್ಲಿ. ಒಂದು ಮಧ್ಯಾಹ್ನ ದೊಡ್ಡ ಡಾಕ್ಟರೇ ಒಗೆಯುವ ಕೋಣೆಗೆ ಬಂದು, ಗಂಟು ಕಟ್ಟಿದ ಬಟ್ಟೆಯ ಮೇಲೆ ಕೂತು, ಎಲ್ಲ ಕೇಳಿ ಬರೆದುಕೊಂಡು ಹೋದರಂತೆ. ವಾಪಸು ಕರೆಸಿಕೊಳ್ಳಲು ಅವರಿಗೂ ಮನಸ್ಸಿತ್ತು. ಆದರೆ ನಿಯಮ ಮುರಿದವರನ್ನು ಮತ್ತೆ ಪ್ರಾಣಿಗಳ ಕೋಣೆಗೆ ಬಿಡಲು ಆಸ್ಪತ್ರೆಯ ಪ್ರಯೋಗ ಸಮಿತಿ ಒಪ್ಪಲಿಲ್ಲ. ಸಕ್ಕರೆ ಮೇಡಂ ಈಗ ದಿನಾ ಊಟದ ಹೊತ್ತಿಗೆ ಅಲ್ಲಿಗೇ ಹೋಗುತ್ತಾರೆ. ಯಾವ ಇಲಿ ಮಂಕಾಗಿದೆ ಎಂದು ಹೇಳುತ್ತಾರೆ, ಇಲಿಯಮ್ಮ ಕೂತಲ್ಲಿಂದಲೇ ಮದ್ದು ಹೇಳುತ್ತಾರೆ. ಬ್ರೆಡ್ಡು ಈಗ ಪೂರ್ತಿ ಖಾಲಿಯಾಗುತ್ತದಂತೆ.

ಹೋದ ತಿಂಗಳು ನಾನೂ ಹೋದೆ. ಉಗಿ ತುಂಬಿದ ಕೋಣೆ. ಯಂತ್ರದ ಸದ್ದಿಗೆ ಕೂಗಿ ಮಾತಾಡಬೇಕು. ಇಲಿಯಮ್ಮ ಇನ್ನೊಬ್ಬ ಹೆಂಗಸಿನ ಜೊತೆ ಹೊದಿಕೆಯ ತುದಿ ಹಿಡಿದು ಹಿಂಡುತ್ತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ನನ್ನನ್ನು ಕಂಡು ತುದಿ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಿಧಾನಕ್ಕೆ ಬಂದರು.

"ಏನ್ ಹೊಟ್ಟಣ್ಣ, ಈ ಕಡೆ. ಇಲ್ಲಿ ಹೊಟ್ಟು ಬೇಕಾಗಲ್ಲ."

"ಸುಮ್ನೆ ಬಂದೆ. ಹೇಗಿದೀರಿ?"

"ಹೀಗಿದೀನಿ. ನಿಮ್ಮ ಸಕ್ಕರೆ?"

"ಹಾಗೇ ಇದೆ."

"ಇರುತ್ತೆ. ಇನ್ನೂ ಎಷ್ಟೋ ತಿಂಗಳು ಹೋಗ್ಬೇಕಲ್ಲ ಅವರದ್ದು ಮುಗಿಯೋಕೆ." ಅದರಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಅಳೆಯಲಾಗಲಿಲ್ಲ.

"ತಾಯಿ, ಈಗ್ಲೂ ಹೋಗಿ ಡಾಕ್ಟರಿಗೆ ಹೇಳಬಹುದು ನಾನು. ಸಮಿತಿಯವರೂ ಕೇಳ್ತಾರೇನೋ."

ಇಲಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆ ಬೆರಳ ತುದಿಯ ಗುರುತುಗಳು ನೀರಿಗೆ ಬೆಳ್ಳಗಾಗಿ ಮಾಸಿದ್ದವು.

"ಹೇಳೋರು ನನ್ನನ್ನ ಕೇಳ್ಕೊಂಡು ಹೇಳ್ತಾರಾ?" ಎಂದು ಹೊದಿಕೆಯ ತುದಿ ಎತ್ತಿಕೊಂಡು ತಿರುಗಿದರು.

ಆಸ್ಪತ್ರೆಯ ಕಾಂಟ್ರಾಕ್ಟು ಇವತ್ತಿಗೂ ನನ್ನದೇ. ಮಾಡು ರಿಪೇರಿ ಆಗಿದೆ, ಮಾಲು ಒಣಗಿದೆ, ಚೀಲ ಬಿಚ್ಚಿ ತೋರಿಸುತ್ತೇನೆ.

ಇಲಿಯಮ್ಮನಿಗೆ ನಾನು ಕೊಡಬೇಕಾದದ್ದು ಇಷ್ಟು: ಆ ಇಪ್ಪತ್ತಾರು ಚೀಲ ನನ್ನ ಗೋದಾಮಿನಲ್ಲೇ ಒದ್ದೆಯಾಗಿದ್ದವು, ಕಳಿಸುವಾಗ ನನಗೆ ಗೊತ್ತಿತ್ತು ಎಂಬ ಮಾತು, ದೊಡ್ಡ ಡಾಕ್ಟರ ಮೇಜಿನ ಮುಂದೆ, ನನ್ನ ಬಾಯಿಂದ. ಇನ್ನೂ ಕೊಟ್ಟಿಲ್ಲ.